ಮೋರೇರ ಮನೆಯ ವಿಳಾಸ

ಲೋಕದ ವಿಸ್ಮಯಗಳು ಎಂದ ಕೂಡಲೇ ನಮ್ಮ ಮನಸ್ಸು ತಾಜಮಹಲಿಗೋ ಈಜಿಪ್ಟಿನ ಪಿರಮಿಡ್ಡಿಗೋ ಹಾರುತ್ತದೆ. ಇಂದಿನ ವಿಸ್ಮಯಕ್ಕೆ ಹೊಸೂರಿನಲ್ಲಿ ಕೃಷ್ಣಗಿರಿ ಬಸ್ಸು ಹತ್ತಿದರೆ ಸಾಕು. ಈ ಎರಡು ಊರುಗಳ ನಡುವಣ ಸೀಮೆಯಲ್ಲಿ ಮಲ್ಲಚಂದ್ರಂ ಎಂಬ ಹಳ್ಳಿಯಿದೆ. ಅಲ್ಲಿನ ಬೆಟ್ಟದ ಸಂಗತಿಯನ್ನು ತಮ್ಮ ಮುಂದೆ ಇಡುತ್ತೇನೆ.

ಆ ಬೆಟ್ಟದ ಮೇಲೆ ಕಲ್ಲುಚಪ್ಪಡಿಯ ಪುಟ್ಟ ಪುಟ್ಟ ಮನೆಗಳಿವೆ. ಎಣಿಸಿದವರು 200ಕ್ಕೂ ಹೆಚ್ಚು ಎನ್ನುತ್ತಾರೆ. ನಾಲ್ಕು ಚಪ್ಪಡಿಗಳ ಗೋಡೆ, ಮೇಲೊಂದು ಚಪ್ಪಡಿಯ ಮುಚ್ಚಳ, ಗೋಡೆಯಲ್ಲಿ ದುಂಡನೆಯ ಕಂಡಿ, ಸುತ್ತಲೂ ನೆಟ್ಟ ಕಲ್ಲುಗಳು. ಗಾರೆಯ ಸುಳಿವೇ ಇಲ್ಲ. ಒಂದು ಚಪ್ಪಡಿಯ ಅಂಚು ಪಕ್ಕದ್ದಕ್ಕೆ ಆನಿಕೊಂಡು, ಅದು ಮುಂದಿನದಕ್ಕೆ ಆನಿಕೊಂಡು, ನಾಲ್ಕೂ ಒಂದನ್ನೊಂದು ಹಿಡಿದು ನಿಂತಿವೆ. ಒಂದನ್ನು ಕಿತ್ತರೆ ಉಳಿದ ಮೂರಕ್ಕೂ ಆಧಾರ ತಪ್ಪುತ್ತದೆ.

ಇವು ಸತ್ತವರಿಗಾಗಿ ಕಟ್ಟಿದ ಮನೆಗಳು. ಕಟ್ಟಿದವರು 2000 ವರ್ಷಗಳಿಗೂ ಹಿಂದಿನ, ಕಬ್ಬಿಣವನ್ನು ಬಲ್ಲ ಜನ. ನಮ್ಮ ಸೀಮೆಗೆ ಕಬ್ಬಿಣದ ನಂಟು ಬಲು ಹಳೆಯದು. ಇದೇ ಜಿಲ್ಲೆಯ ಮಯಿಲಾಡುಂಪಾರೈ ಎಂಬಲ್ಲಿ ತಮಿಳುನಾಡು ಪುರಾತತ್ತ್ವ ಇಲಾಖೆ 2021ರಲ್ಲಿ ನೆಲ ಅಗೆಯಿತು. ಅಲ್ಲಿನ ಕಬ್ಬಿಣದ ಕಾಲ ಕ್ರಿ.ಪೂ. 2172ರಷ್ಟು ಹಿಂದಕ್ಕೆ ಹೋಗುತ್ತದೆಂದು 2022ರಲ್ಲಿ ಪ್ರಕಟವಾಯಿತು.

ಈಗ ಹೆಸರಿನ ವಿಚಾರ ಕೇಳಿ. ಮಲ್ಲಚಂದ್ರಂನ ಆ ಬೆಟ್ಟವನ್ನು ತಮಿಳಿನಲ್ಲಿ ‘ಮೋರಲ್ ಪಾರೈ’ ಎನ್ನುತ್ತಾರೆ. ಕನ್ನಡದಲ್ಲಿ ಇಂಥ ಕಲ್ಮನೆಗೆ ‘ಮೋರೇರ ಮನೆ’ ಎನ್ನುತ್ತೇವೆ. ಮೋರೇರು ಕುಳ್ಳ ಜನ, ಅದಕ್ಕೇ ಮನೆಯೂ ಕುಳ್ಳು ಎಂದು ಹಿರಿಯರ ಕಥೆ. ಎರಡೂ ಭಾಷೆ ಬಲ್ಲ ನಮ್ಮ ಕಿವಿಗೆ ಆ ಎರಡು ಹೆಸರುಗಳೂ ನೆಂಟರಂತೆ ಕೇಳುತ್ತವೆ.

ಇದೇ ಮೋರೇರ ಹೆಸರು ಕೊಪ್ಪಳ ಜಿಲ್ಲೆಯಲ್ಲೂ ಉಂಟು. ಗಂಗಾವತಿಯ ಹತ್ತಿರ ಹಿರೇಬೆಣಕಲ್ ಬೆಟ್ಟದಲ್ಲಿ ಸುಮಾರು 400 ಕಲ್ಲಿನ ಗೋರಿಗಳಿವೆ. ಅಲ್ಲಿ ಬಂಡೆಯ ಮೇಲೊಂದು ದೊಡ್ಡ ಕಲ್ಲಿನ ನಗಾರಿಯಿದೆ. ಬಡಿದರೆ ಬಲು ದೂರಕ್ಕೆ ನಾದ ಕೇಳುತ್ತದೆ. 2021ರಲ್ಲಿ ಹಿರೇಬೆಣಕಲ್, ವಿಶ್ವ ಪರಂಪರೆಯ ತಾಣವಾಗಲು ಯುನೆಸ್ಕೊ ಸಂಸ್ಥೆಯ ತಾತ್ಕಾಲಿಕ ಪಟ್ಟಿ ಸೇರಿತು. ದಕ್ಷಿಣ ಕೊರಿಯಾದ ಇಂಥದೇ ಕಲ್ಮನೆಗಳಿಗೆ 2000ದಲ್ಲೇ ಆ ಗೌರವ ಸಂದಿದೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಕಲ್ಲಿನ ಬಳಸಿಗೆ 1986ರಲ್ಲೇ ಸಂದಿತು.

ಸ್ಟೋನ್‌ಹೆಂಜಿನದೊಂದು ಪ್ರಸಂಗವನ್ನು ಹೇಳಲೇಬೇಕು. 1958ರಲ್ಲಿ ಅಲ್ಲಿನ ಬಿರುಕುಬಿಟ್ಟ ಕಲ್ಲೊಂದಕ್ಕೆ ಲೋಹದ ಸರಳು ಕೂರಿಸಲು ರಂಧ್ರ ಕೊರೆದರು. ಒಳಗಿನಿಂದ ಬಂದ ಕಲ್ಲಿನ ತಿರುಳನ್ನು ಕೆಲಸಗಾರರೊಬ್ಬರು ನೆನಪಿಗೆಂದು ಇಟ್ಟುಕೊಂಡರು. 60 ವರ್ಷಗಳ ಬಳಿಕ, ತಮ್ಮ ಇಳಿವಯಸ್ಸಿನಲ್ಲಿ, 2018ರಲ್ಲಿ ಮರಳಿಸಿದರು. ಅದು ಯಾವ ಕಲ್ಲಿನ ತಿರುಳು ಎಂಬುದಕ್ಕೆ ದಾಖಲೆಯಿತ್ತು. ಹಾಗಾಗಿ ಅದನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅಲ್ಲಿನ ದೊಡ್ಡ ಕಲ್ಲುಗಳಲ್ಲಿ ಹೆಚ್ಚಿನವು ಸುಮಾರು 25 ಕಿಲೋಮೀಟರ್ ದೂರದ ಕಾಡಿನಿಂದ ಬಂದವೆಂದು 2020ರಲ್ಲಿ ಕಂಡುಹಿಡಿದರು.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳುತ್ತೇನೆ.

1972ರಲ್ಲಿ ನಾನು ಹನ್ನೆರಡರ ಹುಡುಗ. ಸೋದರಮಾವನ ಜೊತೆ ಆಡು ಮೇಯಿಸಲು ನಮ್ಮೂರಿನ ಗುಡ್ಡಕ್ಕೆ ಹೋಗಿದ್ದೆ. ಮಳೆ ಬಂದು ಇಂಥದೇ ಒಂದು ಕಲ್ಮನೆಯೊಳಗೆ ನುಸುಳಿದೆ. ಮಣ್ಣಿನಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ಮಡಕೆ ಚೂರೊಂದು ಸಿಕ್ಕಿತು. “ಪಾಂಡವರ ಸೊತ್ತು ಕಣೋ, ಇದ್ದಲ್ಲೇ ಇಡು” ಎಂದರು ಮಾವ. ನಾನು ಚಡ್ಡಿ ಜೇಬಿಗೆ ಹಾಕಿಕೊಂಡೆ.

ಎಸ್‌ಎಸ್‌ಎಲ್‌ಸಿ ಮುಗಿದು, ಬ್ಯಾಂಕಿನ ಗುಮಾಸ್ತೆ ಕೆಲಸ ಸಿಕ್ಕಿ, ನಿವೃತ್ತಿಯಾದರೂ ಆ ಚೂರು ಟ್ರಂಕಿನಲ್ಲೇ ಇತ್ತು. ಸ್ಟೋನ್‌ಹೆಂಜಿನ ಕಥೆ ಓದಿದ ಮೇಲೆ ಅದನ್ನೊಂದು ಸರ್ಕಾರಿ ಮ್ಯೂಸಿಯಂಗೆ ಒಯ್ದೆ. ಅಲ್ಲಿನವರು ಪ್ರೀತಿಯಿಂದ ಕೂರಿಸಿ ತಮಿಳಿನಲ್ಲಿ ಕೇಳಿದರು: “ಯಾವ ಗುಡ್ಡ ಸರ್? ಎಷ್ಟನೆಯ ಕಲ್ಮನೆ? ಜೊತೆಗೆ ಇನ್ನೇನಿತ್ತು?” ಗುಡ್ಡದ ಹೆಸರು ಹೇಳಿದೆ. ಮಿಕ್ಕಿದ್ದಕ್ಕೆ ಉತ್ತರವಿರಲಿಲ್ಲ. ನೋಡಿ ಬಂದು ಹೇಳೋಣವೆಂದು ಊರಿಗೆ ಹೋದೆ. ಗುಡ್ಡವಿದ್ದ ಜಾಗದಲ್ಲಿ ಕಲ್ಲು ಕ್ವಾರಿಯ ಹಳ್ಳ, ಅದರ ತುಂಬ ಹಸಿರು ನೀರು. ಮಾವನೂ ಇಲ್ಲ.

ಬ್ಯಾಂಕಿನಲ್ಲಿ ಯಾರ ಲೆಕ್ಕಕ್ಕೆ ಎಂದು ತಿಳಿಯದೆ ಬಂದ ಹಣವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತಿದ್ದೆವು. ನನ್ನ ಚೂರಿನ ಗತಿಯೂ ಅದೇ. ಇಂಗ್ಲೆಂಡಿನ ಆ ಹಿರಿಯರು ಮರಳಿಸಿದ ತಿರುಳಿಗೆ ವಿಳಾಸವಿತ್ತು, ಅದು ಮಾತಾಡಿತು. ನನ್ನದಕ್ಕೆ ವಿಳಾಸವಿಲ್ಲ, ಅದು ಮೂಕವಾಯಿತು. ಅದನ್ನು ಮೂಕ ಮಾಡಿದವನು ನಾನೇ.

ಬಾಂಧವರೇ, ನಿಮ್ಮೂರ ಗುಡ್ಡದಲ್ಲೂ ಇಂಥ ಮನೆಗಳಿರಬಹುದು. ಪಾಂಡವರ ಮನೆ ಎನ್ನಿ, ಮೋರೇರ ಮನೆ ಎನ್ನಿ, ಪಾಂಡವರ್ ವೀಡು ಎನ್ನಿ. ಮಕ್ಕಳನ್ನು ಕರೆದೊಯ್ದು ತೋರಿಸಿ. ಎಷ್ಟಿವೆ ಎಂದು ಎಣಿಸಿ ಬರೆದಿಡಿ, ಊರ ಹಿರಿಯರು ಕರೆಯುವ ಹೆಸರನ್ನು ಎರಡೂ ಭಾಷೆಯಲ್ಲಿ ಬರೆದಿಡಿ. ಯಾರಾದರೂ ಒಡೆಯಲು ಬಂದರೆ ವಿ.ಎ.ಓ. ಅವರಿಗೆ ತಿಳಿಸಿ. ಮಡಕೆ ಚೂರು ಕಣ್ಣಿಗೆ ಬಿದ್ದರೆ, ನಮ್ಮ ಮಾವ ಹೇಳಿದಂತೆ, ಇದ್ದಲ್ಲೇ ಇಡಿ.