ಹುತ್ರಿದುರ್ಗದಿಂದ ಮಂದರಗಿರಿಗೆ: ಪಕ್ಷಿದರ್ಶನವೂ ಅನರ್ಥದಂಡ ವಿರತಿಯೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಪ್ರಯೋಜನವಿಲ್ಲದೆ ಜೀವಿಗಳಿಗೆ ಉಂಟುಮಾಡುವ ನೋವೇ ಅನರ್ಥದಂಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಐದು ಭೇದಗಳನ್ನು ಹೇಳಿ, ಪ್ರಮಾದಚರ್ಯೆಯನ್ನೂ ಅವುಗಳಲ್ಲಿ ಎಣಿಸಿದ್ದಾರೆ. ವೃಥಾ ನೆಲವನ್ನು ಅಗೆಯುವುದು, ನೀರನ್ನು ಕಲಕುವುದು, ಗಿಡವನ್ನು ಮುರಿಯುವುದು ಮಾತ್ರವಲ್ಲದೆ, ನಿಷ್ಕಾರಣವಾಗಿ ಅಲೆಯುವುದೂ ಅಲೆಸುವುದೂ ಇದರಲ್ಲಿ ಸೇರಿವೆ. ಹಾಗಾದರೆ ಹಕ್ಕಿಗಳನ್ನೂ ಹಳೆಯ ಊರುಗಳನ್ನೂ ನೋಡಲೆಂದು ಕೈಗೊಳ್ಳುವ ಪ್ರವಾಸವು ಯಾವ ವರ್ಗಕ್ಕೆ ಸೇರಬೇಕು? ತುಮಕೂರು ಜಿಲ್ಲೆಯ ಒಂದು ದಾರಿಯ ಇತಿಹಾಸವೇ ಇದಕ್ಕೆ ಉತ್ತರವನ್ನು ಕೊಡುತ್ತದೆ.

ಮಾಗಡಿಯಿಂದ ಕುಣಿಗಲ್ಲಿನ ಕಡೆಗೆ ಸಾಗುವವರಿಗೆ ಹುತ್ರಿದುರ್ಗದ ಹೆಬ್ಬಂಡೆ ದೂರದಿಂದಲೇ ಗೋಚರಿಸುತ್ತದೆ. ಬೆಂಗಳೂರನ್ನು ಸುತ್ತುವರಿದ ನವದುರ್ಗಗಳಲ್ಲಿ ಇದೂ ಒಂದು. ಇಲ್ಲಿಯ ಕೋಟೆಯನ್ನು ಕೆಂಪೇಗೌಡರ ಹೆಸರಿನೊಂದಿಗೆ ಜನ ಸ್ಮರಿಸುತ್ತಾರೆ. ಒಂದರ ಮೇಲೊಂದು ಬಾಗಿಲು, ಸುತ್ತು ಸುತ್ತಾದ ಕಲ್ಲುಗೋಡೆ, ಶಿಖರದಲ್ಲಿ ಶಂಕರೇಶ್ವರನ ಗುಡಿ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರ್ 21ರಂದು ಸಾವನದುರ್ಗವನ್ನು ಗೆದ್ದ ಕಾರ್ನ್‌ವಾಲಿಸನ ಸೇನೆ 24ರಂದು ಹುತ್ರಿದುರ್ಗವನ್ನೂ ವಶಪಡಿಸಿಕೊಂಡಿತು. ಪರಭಯದಿಂದ ಕಟ್ಟಿದ ಗೋಡೆಗಳು ಪರಭಯವನ್ನು ತಡೆಯಲಾರದೆ ಹೋದವು. ಇಂದು ಆ ಗೋಡೆಗಳಿಗೆ ಕಾವಲುಗಾರರಿಲ್ಲ. ಬಂಡೆಯ ಮೇಲಿನ ಆಕಾಶವು ಹದ್ದು ಗಿಡುಗಗಳಿಗೆ ಸೇರಿದೆ.

ಈ ಆಕಾಶದಲ್ಲಿ ಹಿಂದೆ ರಣಹದ್ದುಗಳೂ ಸಾಮಾನ್ಯವಾಗಿದ್ದವು. ಜೈನ ರಾಮಕಥೆಯ ಜಟಾಯು ಮುನಿಗಳ ಉಪದೇಶವನ್ನು ಕೇಳಿ ಅಣುವ್ರತಗಳನ್ನು ಸ್ವೀಕರಿಸಿದ ಪಕ್ಷಿ. ಶವಾಹಾರಿಯೆಂದು ಲೋಕವು ಹೇಸುವ ಜೀವಿಗೂ ವ್ರತದ ಅಧಿಕಾರವುಂಟೆಂಬುದು ವಿಮಲಸೂರಿ, ರವಿಷೇಣಾಚಾರ್ಯರ ದೃಷ್ಟಿ. ಆ ಕುಲದ ದುರ್ಗತಿಗೆ ಕಾರಣವಾದದ್ದು ಬೇಟೆಗಾರನ ಕೋವಿಯಲ್ಲ. ದನಗಳ ನೋವು ಶಮನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ದೇಹದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸುತ್ತದೆಂದು 2004ರಲ್ಲಿ ಪ್ರಕಟವಾಯಿತು. ಭಾರತ ಸರ್ಕಾರವು 2006ರಲ್ಲಿ ಪಶುಗಳಿಗಾಗಿ ಇದರ ತಯಾರಿಕೆಯನ್ನು ನಿಷೇಧಿಸಿತು. ಅಷ್ಟರೊಳಗೆ ಬಿಳಿಬೆನ್ನಿನ ರಣಹದ್ದು ದೇಶದಲ್ಲಿ ನೂರಕ್ಕೆ ಒಂದರಷ್ಟೂ ಉಳಿಯದಂತಾಗಿತ್ತು. ಇದೇ ಬೆಟ್ಟಸೀಮೆಯ ರಾಮನಗರದ ರಾಮದೇವರಬೆಟ್ಟವು 2012ರಲ್ಲಿ ರಣಹದ್ದುಗಳ ಧಾಮವಾಯಿತು. ದಯೆಯಿಂದ ಕೊಟ್ಟ ಔಷಧವೂ ವಿವೇಕವಿಲ್ಲದಿದ್ದರೆ ಹಿಂಸೆಯಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬೆಟ್ಟವಿಳಿದರೆ ಕುಣಿಗಲ್ಲು. ಜನಪದ ಗೀತೆಯಲ್ಲಿ ಹೆಸರಾದ ಅಲ್ಲಿಯ ದೊಡ್ಡ ಕೆರೆಯನ್ನು ಹೊಲಗದ್ದೆಗಳಿಗಾಗಿ ಕಟ್ಟಿದರು; ನೀರುಕಾಗೆ, ಬಕ, ನಾಮದಕೋಳಿಗಳು ಕರೆಯದೆಯೇ ಬಂದು ಅದರಲ್ಲಿ ಪಾಲು ಪಡೆದವು. ಪರೋಪಕಾರಕ್ಕೆ ಕಟ್ಟಿದುದರ ಫಲವು ಕಟ್ಟಿದವರ ಲೆಕ್ಕವನ್ನು ಮೀರಿ ಹರಡುತ್ತದೆ.

ಮುಂದೆ ಗುಬ್ಬಿ. ಪುರಾಣಶ್ರವಣಕ್ಕೆ ಪ್ರತಿದಿನವೂ ಬರುತ್ತಿದ್ದ ಜೋಡಿ ಗುಬ್ಬಚ್ಚಿಗಳು ಮಂಗಳದ ದಿನ ಅಲ್ಲಿಯೇ ಪ್ರಾಣ ಬಿಟ್ಟವೆಂದೂ, ಅದರಿಂದ ಊರಿಗೆ ಈ ಹೆಸರು ಬಂದಿತೆಂದೂ ಸ್ಥಳೀಯ ಐತಿಹ್ಯ. ವೀರಶೈವ ಪರಂಪರೆಯ ಈ ಕಥೆಯು ಜೈನನಿಗೆ ಅಪರಿಚಿತವಾಗಿ ತೋರುವುದಿಲ್ಲ. ತೀರ್ಥಂಕರರ ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಒಂದು ಕೋಷ್ಠವಿದೆಯಷ್ಟೆ! ಇದೇ ತಾಲ್ಲೂಕಿನ ನಿಟ್ಟೂರಿನಲ್ಲಿ ಹನ್ನೆರಡನೆಯ ಶತಮಾನದ, ಹೊಯ್ಸಳ ಶೈಲಿಯ ಶಾಂತೀಶ್ವರ ಬಸದಿಯಿದೆ. ಅನ್ಯಮತದ ಊರಕಥೆಯೂ ಜಿನಾಲಯವೂ ಒಂದೇ ದಾರಿಯಲ್ಲಿ ದೊರೆಯುವುದು ಈ ಸೀಮೆಯ ಹಿರಿಮೆ.

ಪ್ರಯಾಣದ ಕೊನೆಯ ಘಟ್ಟ ತುಮಕೂರಿನ ಸಮೀಪದ ಮಂದರಗಿರಿ. ಜನರ ಬಾಯಲ್ಲಿ ಬಸದಿ ಬೆಟ್ಟ. ನಾನೂರಕ್ಕೂ ಮಿಕ್ಕ ಮೆಟ್ಟಿಲುಗಳ ಮೇಲೆ ಪ್ರಾಚೀನ ಬಸದಿಗಳು, ಹಿಂದೆ ಮೈದಾಳದ ಕೆರೆ. ತಪ್ಪಲಿನಲ್ಲಿ ಆಚಾರ್ಯ ಶಾಂತಿಸಾಗರ ಮಹಾರಾಜರ (1872–1955) ಸ್ಮರಣೆಗಾಗಿ ನಿರ್ಮಿಸಿದ ಗುರುಮಂದಿರವು 81 ಅಡಿ ಎತ್ತರದ ಪಿಂಛಿಯ ಆಕಾರದಲ್ಲಿದೆ. ಹುತ್ರಿದುರ್ಗದ ಕೋಟೆಯನ್ನು ನೋಡಿ ಬಂದವನು ಇಲ್ಲಿ ನಿಂತು ಯೋಚಿಸಬೇಕು. ಅಲ್ಲಿ ಮನುಷ್ಯನು ತನ್ನ ರಕ್ಷಣೆಗಾಗಿ ಬಂಡೆಯನ್ನು ಆಶ್ರಯಿಸಿದ; ಇಲ್ಲಿ ಮುನಿಯು ಇರುವೆಯ ರಕ್ಷಣೆಗಾಗಿ ನವಿಲುಗರಿಯನ್ನು ಹಿಡಿದ.

ನವಿಲು ತಾನಾಗಿ ಉದುರಿಸಿದ ಗರಿಯೇ ಪಿಂಛಿಗೆ ಯೋಗ್ಯ. ಮಳೆಗಾಲದಲ್ಲಿ ಗಂಡು ನವಿಲು ಗರಿಗಳನ್ನು ಉದುರಿಸುತ್ತದೆ. ಚಾತುರ್ಮಾಸದ ಕೊನೆಗೆ ಪಿಂಛಿ ಪರಿವರ್ತನೆ ನಡೆಯುತ್ತದೆ. ಆದರೆ ಪೇಟೆಯಲ್ಲಿ ಕೊಳ್ಳುವ ಗರಿಯೆಲ್ಲವೂ ಉದುರಿದುದೇ ಎಂದು ನಂಬುವುದು ಹೇಗೆ? ಕಿತ್ತ ಗರಿಯ ಬುಡದಲ್ಲಿ ರಕ್ತದ ಗುರುತು ಉಳಿಯಬಹುದು. ಪಿಂಛಿದಾನಕ್ಕೆ ಮುಂದಾಗುವ ಶ್ರಾವಕನು ಬೆಲೆಯನ್ನು ವಿಚಾರಿಸುವ ಮೊದಲು ಗರಿಯ ಮೂಲವನ್ನು ವಿಚಾರಿಸಬೇಕು. ಕೊಂದ ನವಿಲಿನ ಗರಿಯಿಂದ ಇರುವೆಯನ್ನು ಕಾಯುವುದೆಂದರೆ ವ್ರತದ ಅಪಹಾಸ್ಯ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಚಿತ್ರ ತೆಗೆಯುವ ಆಸೆಯಿಂದ ಗೂಡಿನ ಬಳಿ ಸಾರುವುದು, ಧ್ವನಿಮುದ್ರಿತ ಕೂಗನ್ನು ಕೇಳಿಸಿ ಹಕ್ಕಿಯನ್ನು ಮೋಸಗೊಳಿಸುವುದು, ಬಸದಿಯ ಗೋಡೆಯ ಮೇಲೆ ಹೆಸರು ಕೆತ್ತುವುದು, ಬೆಟ್ಟದಲ್ಲಿ ಪ್ಲಾಸ್ಟಿಕ್ ಎಸೆಯುವುದು ಸ್ಪಷ್ಟವಾಗಿ ಪ್ರಮಾದಚರ್ಯೆ. ಕಾಲಿಡುವ ನೆಲವನ್ನು ನೋಡಿ ನಡೆಯಬೇಕೆಂಬ ಈರ್ಯಾಸಮಿತಿಯು ಮುನಿಗಳಿಗೆ ವಿಧಿಸಿದ್ದಾದರೂ, ಅದರ ಒಂದಂಶವನ್ನು ಪಾಲಿಸಿ ದೂರ ನಿಂತು ಮೌನವಾಗಿ ನೋಡುವವನಿಗೆ ಪಕ್ಷಿದರ್ಶನವು ಸ್ವಾಧ್ಯಾಯಕ್ಕೆ ಸಮೀಪದ ಸಾಧನೆಯಾಗುತ್ತದೆ. ಹಿಂತಿರುಗಿ ಬಂದಾಗ ಆ ದಾರಿಯ ಒಂದು ಹಕ್ಕಿಯೂ ತನ್ನ ಕೊಂಬೆಯನ್ನು ಬಿಟ್ಟು ಹಾರಿರದಿದ್ದರೆ, ಆ ಪ್ರವಾಸವು ನಿಷ್ಕಾರಣವಾದ ಅಲೆದಾಟವೆನಿಸದು.