ಗಡಿ ದಾಟುವ ದುಡಿಮೆ

ಒಂದು ಸಂಸ್ಥಾನದಲ್ಲಿ ಮನೆ, ಮತ್ತೊಂದರಲ್ಲಿ ದುಡಿಮೆ. ಇಂಥವನ ವರಮಾನದ ಮೇಲೆ ತೆರಿಗೆಯ ಹಕ್ಕು ಯಾರದು? ಅಮೆರಿಕದ ಸಂಯುಕ್ತ ಸಂಸ್ಥಾನಗಳ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನು ನಾವು ಕೊಂಚ ವಿಚಾರಮಾಡೋಣ.

ದುಡಿದ ನೆಲವೂ ತೆರಿಗೆ ಕೇಳಬಹುದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1920ರಲ್ಲಿ ತೀರ್ಮಾನಿಸಿತು. ವಾಸದ ನೆಲದ ಹಕ್ಕಂತೂ ಇದ್ದೇ ಇದೆ. ಎರಡೂ ಕಡೆ ಪೂರ್ತಿಯಾಗಿ ವಸೂಲುಮಾಡಿದರೆ ದುಡಿಯುವವನ ಗತಿಯೇನು? ಆದುದರಿಂದ ಹೊರಗೆ ತೆತ್ತ ತೆರಿಗೆಯನ್ನು ವಾಸದ ಸಂಸ್ಥಾನವು ತನ್ನ ಲೆಕ್ಕದಲ್ಲಿ ವಜಾಮಾಡಿಕೊಡುವ ಪದ್ಧತಿಯು ಬೆಳೆಯಿತು.

ಆದರೆ ಒಬ್ಬರ ಔದಾರ್ಯವು ಇನ್ನೊಬ್ಬರಿಗೆ ಆದಾಯವೂ ಆಗಬಹುದಷ್ಟೆ. ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನವು ತನ್ನ ನಿವಾಸಿಗಳ ಸಂಬಳವನ್ನು ಬಿಟ್ಟು, ಹೊರಗಿನಿಂದ ಬಂದು ದುಡಿಯುವವರ ಸಂಬಳಕ್ಕೆ ಮಾತ್ರ ತೆರಿಗೆ ವಿಧಿಸಿತು. ನೆರೆಯ ಮೇನ್ ಸಂಸ್ಥಾನವು ಅಷ್ಟನ್ನು ತನ್ನವರಿಗೆ ವಜಾಕೊಟ್ಟಿತು. ಕೆಲಸಗಾರನ ಹೊರೆ ಹೆಚ್ಚಲಿಲ್ಲ. ಕರಗಿದುದು ಮೇನ್‌ನ ಬೊಕ್ಕಸ. ಅಲ್ಲಿಯ ಶಾಸನಸಭೆಯಲ್ಲಿ ಪ್ರತಿನಿಧಿಯೇ ಇಲ್ಲದವರ ಮೇಲೆ ಮಾತ್ರ ಬಿದ್ದ ಈ ತೆರಿಗೆಯನ್ನು ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ರದ್ದುಪಡಿಸಿತು.

ವಜಾಕೊಡುವುದು ಬರಿಯ ದಾಕ್ಷಿಣ್ಯವೇ? ಹೊರಗೆ ತೆರಿಗೆ ತೆತ್ತ ವರಮಾನಕ್ಕೆ ಮೇರಿಲ್ಯಾಂಡ್ ಸಂಸ್ಥಾನವು ಕೌಂಟಿ ತೆರಿಗೆಯಲ್ಲಿ ವಜಾ ನಿರಾಕರಿಸಿದ್ದಿತು. ಆ ವ್ಯವಸ್ಥೆಯು ರಾಜ್ಯಾಂಗಕ್ಕೆ ವಿರುದ್ಧವೆಂದು 2015ರಲ್ಲಿ 5ಕ್ಕೆ 4 ಮತಗಳಿಂದ ತೀರ್ಪಾಯಿತು. ಗಡಿಗಳು ನೆಲವನ್ನು ಹಂಚಬಹುದು. ಒಂದೇ ಬೆವರಿಗೆ ಎರಡು ಬೆಲೆ ಕಟ್ಟಲಾರವೆಂಬುದೇ ಇದರಿಂದ ನಾವು ತಿಳಿಯಬೇಕಾದ ನೀತಿ.