ಅಮೆರಿಕದಲ್ಲಿ ಹಳೆಯ ಮನೆಗಳ ವಿಮೆ

ಮನೆವಿಮೆ ಹುಟ್ಟಿದ್ದು ಬೆಂಕಿಯ ಭಯದಿಂದ. 1666ರ ಸೆಪ್ಟೆಂಬರ್ 2ರಂದು ಲಂಡನ್ನಿನ ಪುಡಿಂಗ್ ಲೇನ್‌ನ ಬೇಕರಿಯೊಂದರಲ್ಲಿ ಹತ್ತಿದ ಕಿಚ್ಚು ಕೆಲವೇ ದಿನಗಳಲ್ಲಿ ಸುಮಾರು 13,200 ಮನೆಗಳನ್ನೂ 87 ಚರ್ಚುಗಳನ್ನೂ ಸುಟ್ಟುಹಾಕಿತು. ಹೊಸ ಮನೆಗಳನ್ನು ಇಟ್ಟಿಗೆ ಇಲ್ಲವೇ ಕಲ್ಲಿನಲ್ಲೇ ಕಟ್ಟಬೇಕೆಂದು ಮರುವರ್ಷ ಕಾನೂನು ಬಂತು. ವೈದ್ಯ ವೃತ್ತಿ ಬಿಟ್ಟು ಮನೆ ಕಟ್ಟಿಸಿ ಮಾರುವ ವ್ಯವಹಾರಕ್ಕಿಳಿದಿದ್ದ ನಿಕೊಲಸ್ ಬಾರ್ಬನ್ 1680ರಲ್ಲಿ ತನ್ನ ಪಾಲುದಾರರೊಂದಿಗೆ ಬೆಂಕಿ ವಿಮೆಯ ಕಚೇರಿ ತೆರೆದ. ಅಲ್ಲಿ ಇಟ್ಟಿಗೆ ಮನೆಗೆ ವರ್ಷದ ಬಾಡಿಗೆಯ ಶೇ. 2.5ರಷ್ಟು ದರವಿದ್ದರೆ ಮರದ ಮನೆಗೆ ಶೇ. 5. ಮರದ ಮನೆ ಎಂಬ ಕಾರಣಕ್ಕೆ ಮಾಲೀಕನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿರಲಿಲ್ಲ. ಎರಡರಷ್ಟು ಹಣ ಕೇಳುತ್ತಿದ್ದರು. ಕುಂದಿರುವ ಮನೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ವಿಮಾ ವ್ಯವಹಾರ ಕೊಟ್ಟ ಮೊದಲ ಉತ್ತರ ಇದು.

ಅಟ್ಲಾಂಟಿಕ್ ದಾಟಿ ಅಮೆರಿಕದ ವಸಾಹತುಗಳಿಗೆ ಬಂದ ಈ ಪದ್ಧತಿಗೆ ಆರಂಭದಲ್ಲೇ ಪೆಟ್ಟು ಬಿತ್ತು. ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ಊರಿನ ಮನೆಮಾಲೀಕರು 1730ರ ದಶಕದ ನಡುವೆ ಪರಸ್ಪರ ವಿಮೆಯ ಸಂಘವೊಂದನ್ನು ಕಟ್ಟಿಕೊಂಡಿದ್ದರು. 1740ರ ನವೆಂಬರ್‌ನಲ್ಲಿ ಊರಿನ ದೊಡ್ಡ ಭಾಗ ಸುಟ್ಟುಹೋದಾಗ ಸಂಘವೂ ಮುಳುಗಿತು. ಒಂದೇ ಊರಿನ, ಒಂದಕ್ಕೊಂದು ಅಂಟಿಕೊಂಡ ಮನೆಗಳು ಒಟ್ಟಿಗೆ ಉರಿದರೆ ನಷ್ಟ ತುಂಬಿಕೊಡುವವರು ಯಾರೂ ಉಳಿಯುವುದಿಲ್ಲ.

ನೆಲೆ ನಿಂತದ್ದು ಫಿಲಡೆಲ್ಫಿಯಾದ ಪ್ರಯತ್ನ. ಅಲ್ಲಿ ಮುದ್ರಣಾಲಯ ನಡೆಸುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ 1735ರಲ್ಲೇ ತನ್ನ ಪತ್ರಿಕೆಯಲ್ಲಿ ಬೇರೆ ಹೆಸರಿನಿಂದ ಪತ್ರವೊಂದನ್ನು ಪ್ರಕಟಿಸಿ ಬೆಂಕಿಯ ಬಗ್ಗೆ ಎಚ್ಚರಿಸಿದ್ದ. ಉರಿಯುವ ಕೆಂಡವನ್ನು ಸಲಿಕೆಯಲ್ಲಿಟ್ಟುಕೊಂಡು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯಬೇಡಿ, ಒಲೆಯ ಅಂಚಿಗೆ ಮರದ ಕೆತ್ತನೆಯ ಪಟ್ಟಿ ಬೇಡ, ಹೊಗೆಗೂಡು ಗುಡಿಸುವವರಿಗೆ ಪರವಾನಗಿ ಇರಲಿ ಎಂಬಂಥ ಮಾತುಗಳು ಅದರಲ್ಲಿದ್ದವು. ಮರುವರ್ಷ ಅವನೂ ಗೆಳೆಯರೂ ಸೇರಿ ಬೆಂಕಿ ಆರಿಸುವ ಸ್ವಯಂಸೇವಕರ ದಳ ಕಟ್ಟಿದರು. 1752ರಲ್ಲಿ ಆರಂಭವಾದ ಫಿಲಡೆಲ್ಫಿಯಾ ಕಾಂಟ್ರಿಬ್ಯೂಷನ್‌ಶಿಪ್ ಈ ಎಚ್ಚರದ ಮುಂದುವರಿಕೆಯೇ ಸರಿ. ಸದಸ್ಯರು ಹಾಕಿದ ಹಣದಲ್ಲಿ ಸದಸ್ಯರ ನಷ್ಟ ತುಂಬುವ ಈ ಸಂಸ್ಥೆ ಇಂದಿಗೂ ಕೆಲಸ ಮಾಡುತ್ತಿದೆ.

ಅಲ್ಲಿ ಪಾಲಿಸಿ ಬೇಕೆಂದವರ ಮನೆಗೆ ಮೊದಲು ಸರ್ವೇಯರ್ ಬರುತ್ತಿದ್ದ. ಗೋಡೆಯ ದಪ್ಪ, ಮನೆಯ ಉದ್ದಗಲ, ಎಷ್ಟು ಅಂತಸ್ತು, ಒಳಗೋಡೆಗಳು ಯಾವುದರಿಂದ ಆಗಿವೆ, ಮೆಟ್ಟಿಲಿನ ಕೆಲಸ ಎಂಥದ್ದು, ಗೋಡೆಗೆ ಮರದ ಹಲಗೆ ಎಲ್ಲಿಯವರೆಗೆ ಹೊದಿಸಿದೆ ಎಂಬುದನ್ನೆಲ್ಲ ನೋಡಿ ಬರೆದುಕೊಳ್ಳುತ್ತಿದ್ದ. ಅವನ ವರದಿಯ ಮೇಲೆ ದರ ನಿಗದಿಯಾಗುತ್ತಿತ್ತು; ಅಪಾಯ ತೀರಾ ಹೆಚ್ಚೆನಿಸಿದ ಮನೆಗೆ ಪಾಲಿಸಿ ಸಿಗುತ್ತಿರಲಿಲ್ಲ. ಒಪ್ಪಿಗೆಯಾದ ಮನೆಯ ಮುಂಭಾಗಕ್ಕೆ ಒಂದನ್ನೊಂದು ಹಿಡಿದ ನಾಲ್ಕು ಕೈಗಳ ಸೀಸದ ಮುದ್ರೆಯನ್ನು ಮರದ ಹಲಗೆಯ ಮೇಲೆ ಕೂರಿಸಿ ಬಡಿಯುತ್ತಿದ್ದರು. ಆ ಕಾಲದ ಮನೆಗಳು ಹೇಗಿದ್ದವೆಂದು ತಿಳಿಯಲು ಇಂದಿನ ವಾಸ್ತು ಇತಿಹಾಸಕಾರರು ಮೊದಲು ಹುಡುಕುವ ದಾಖಲೆಗಳಲ್ಲಿ ಈ ಸರ್ವೆ ವರದಿಗಳೂ ಸೇರಿವೆ. ಮುಂದಿನ ಎರಡು ಶತಮಾನಗಳಲ್ಲಿ ಹಳೆಯ ಮನೆಗಳಿಗೆ ಒದಗಿದ ಅನ್ಯಾಯವನ್ನು ನೋಡಿದರೆ, ಯಾರೋ ಒಬ್ಬ ಬಂದು ಮನೆಯನ್ನು ಕಣ್ಣಾರೆ ನೋಡುತ್ತಿದ್ದ ಈ ಪದ್ಧತಿಯ ಬೆಲೆ ಅರ್ಥವಾಗುತ್ತದೆ.

ಯಾವುದನ್ನು ಕುಂದು ಎನ್ನಬೇಕು ಎಂಬ ಜಗಳವೂ ಅಲ್ಲೇ ಹುಟ್ಟಿತು. ಮನೆಯ ಮುಂದಿನ ಮರ ಬೆಂಕಿ ಆರಿಸುವವರಿಗೆ ಅಡ್ಡಿ ಎಂದು ಕಾಂಟ್ರಿಬ್ಯೂಷನ್‌ಶಿಪ್ 1781ರಲ್ಲಿ ತೀರ್ಮಾನಿಸಿ, ಅಂಥ ಮನೆಗಳಿಗೆ ವಿಮೆ ನಿಲ್ಲಿಸಿತು. ಫಿಲಡೆಲ್ಫಿಯಾದ ಬೇಸಿಗೆಯ ಧಗೆ ಬಲ್ಲವರು ನೆರಳು ಕಳೆದುಕೊಳ್ಳಲು ಒಪ್ಪಲಿಲ್ಲ. 1784ರಲ್ಲಿ ಕೆಲವರು ಹೊರಬಂದು ಇನ್ನೊಂದು ಸಂಸ್ಥೆ ಕಟ್ಟಿದರು. ಸ್ವಲ್ಪ ಹೆಚ್ಚು ಹಣ ಕೊಟ್ಟರೆ ಅಲ್ಲಿ ಮರವಿದ್ದ ಮನೆಗೂ ವಿಮೆ ಸಿಗುತ್ತಿತ್ತು. ಆ ಸಂಸ್ಥೆಯ ಮುದ್ರೆಯಲ್ಲಿ ಮರದ್ದೇ ಚಿತ್ರ. ಒಬ್ಬರು ಬೇಡವೆಂದ ಮನೆಯನ್ನು ಇನ್ನೊಬ್ಬರು ದರ ಏರಿಸಿ ಒಪ್ಪಿಕೊಳ್ಳುವ ಪೈಪೋಟಿ ಹೀಗೆ ಶುರುವಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಊರುಗಳು ಬೆಳೆದವು, ಕಂಪನಿಗಳು ದೂರದ ಊರುಗಳಲ್ಲೂ ಪಾಲಿಸಿ ಮಾರತೊಡಗಿದವು. 1835ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲೂ 1871ರಲ್ಲಿ ಷಿಕಾಗೊದಲ್ಲೂ ಬಿದ್ದ ಬೆಂಕಿಗಳು ಹಲವು ಕಂಪನಿಗಳನ್ನು ದಿವಾಳಿ ಎಬ್ಬಿಸಿದವು. ಯಾವ ಬೀದಿಯಲ್ಲಿ ಎಷ್ಟು ಮನೆಗಳಿಗೆ ತಾನು ಹೊಣೆ ಹೊತ್ತಿದ್ದೇನೆ ಎಂಬುದು ಕಂಪನಿಗೆ ಕುಳಿತಲ್ಲೇ ಗೊತ್ತಾಗಬೇಕಿತ್ತು. ಆ ಅಗತ್ಯ ಪೂರೈಸಿದ್ದು ನಕ್ಷೆ. ಡೇನಿಯಲ್ ಸ್ಯಾನ್‌ಬಾರ್ನ್ ಎಂಬ ಸರ್ವೇಯರ್ 1867ರಲ್ಲಿ ಆರಂಭಿಸಿದ ಸಂಸ್ಥೆ ಸುಮಾರು 12,000 ಊರುಗಳ ನಕ್ಷೆ ತಯಾರಿಸಿತು. ಅದರಲ್ಲಿ ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ, ಮರದ್ದಕ್ಕೆ ಹಳದಿ, ಕಲ್ಲಿನದ್ದಕ್ಕೆ ನೀಲಿ ಬಣ್ಣ. ಕೆಲಸ ಸಲೀಸಾಯಿತು, ನಿಜ. ಆದರೆ ಹಳದಿ ಬೀದಿಯಲ್ಲಿ ಒಪ್ಪವಾಗಿ ಇಟ್ಟುಕೊಂಡ ಮನೆ ಯಾವುದು, ಪಾಳುಬಿದ್ದದ್ದು ಯಾವುದು ಎಂಬುದನ್ನು ನಕ್ಷೆ ತೋರಿಸುತ್ತಿರಲಿಲ್ಲ.

ವಿದ್ಯುತ್ ಬಂದ ಮೇಲೆ ಕುಂದುಗಳ ಪಟ್ಟಿ ಗೋಡೆಯ ಒಳಗಡೆಗೆ ಸರಿಯಿತು. 1880ರ ದಶಕದಿಂದ 1930ರ ದಶಕದವರೆಗೆ ಅಮೆರಿಕದ ಮನೆಗಳಲ್ಲಿ ಎರಡು ತಂತಿಗಳನ್ನು ದೂರದೂರ ಎಳೆದು, ಪಿಂಗಾಣಿ ಗುಬಟುಗಳ ಮೇಲೆ ಆನಿಸಿ, ಮರದ ತೊಲೆ ದಾಟುವಲ್ಲಿ ಪಿಂಗಾಣಿ ಕೊಳವೆಯೊಳಗೆ ತೂರಿಸುತ್ತಿದ್ದರು. ಸುತ್ತ ಗಾಳಿಯಾಡುವವರೆಗೆ ಅದು ಕೆಟ್ಟ ವ್ಯವಸ್ಥೆಯೇನಲ್ಲ. ಎಷ್ಟೋ ವರ್ಷಗಳ ನಂತರ ಚಳಿ ತಡೆಯಲೆಂದು ಗೋಡೆಯ ಪೊಳ್ಳಿಗೆ ಹತ್ತಿಯಂಥ ವಸ್ತು ತುಂಬಿದಾಗ ತಂತಿಯ ಕಾವು ಹೊರಹೋಗಲು ದಾರಿಯಿಲ್ಲದಾಯಿತು. ಭೂ ಸಂಪರ್ಕದ ತಂತಿಯಂತೂ ಮೊದಲೇ ಇರಲಿಲ್ಲ. ವಿದ್ಯುತ್ ಉಪಕರಣಗಳ ಸುರಕ್ಷತೆ ಪರೀಕ್ಷಿಸುವ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ 1894ರಲ್ಲಿ ವಿಮಾ ವಲಯದ ನೆರವಿನಿಂದಲೇ ಹುಟ್ಟಿತು. ಮುಂದೆ 1965ರಿಂದ 1973ರ ಸುಮಾರಿಗೆ ತಾಮ್ರ ತುಟ್ಟಿಯಾಗಿದ್ದಾಗ ಬಳಸಿದ ಅಲ್ಯೂಮಿನಿಯಂ ತಂತಿಗಳ ಜೋಡಣೆಯ ಜಾಗಗಳು ಸಡಿಲಗೊಂಡು ಕಾಯುವುದು ತಿಳಿದು, ಅದೂ ಪಟ್ಟಿಗೆ ಸೇರಿತು. ಹಳೆಯ ಮನೆ ಕೊಳ್ಳುವವರಿಗೆ ಇಂದಿಗೂ ವಿಮಾ ಏಜೆಂಟ್ ಕೇಳುವ ಪ್ರಶ್ನೆಗಳಲ್ಲಿ ಇವೆರಡು ಇದ್ದೇ ಇರುತ್ತವೆ.

ಬೆಂಕಿ, ಕಳವು, ಬಿರುಗಾಳಿ, ಮನೆಯಲ್ಲಿ ಬೇರೆಯವರಿಗೆ ಗಾಯವಾದರೆ ಬರುವ ಹೊಣೆ ಎಲ್ಲವನ್ನೂ ಒಂದೇ ಪಾಲಿಸಿಯಲ್ಲಿ ಸೇರಿಸಿದ್ದು 1950ರಲ್ಲಿ, ಫಿಲಡೆಲ್ಫಿಯಾದ ಕಂಪನಿಯೊಂದು. ಬ್ಯಾಂಕುಗಳು ವಿಮೆಯಿಲ್ಲದ ಮನೆಗೆ ಸಾಲ ಕೊಡುತ್ತಿರಲಿಲ್ಲ. ಹೀಗಾಗಿ ವಿಮೆ ಸಿಗಲಿಲ್ಲವೆಂದರೆ ಮನೆ ಕೊಳ್ಳುವುದೇ ಆಗದ ಮಾತು.

ಇದರ ಕಹಿ ಉಂಡವರು ನಗರಗಳ ಹಳೆಯ ಕೇರಿಗಳ ಜನ, ಬಹುಪಾಲು ಕಪ್ಪು ಜನ. 1930ರ ದಶಕದಲ್ಲಿ ಸರ್ಕಾರದ ಗೃಹಸಾಲ ನಿಗಮ ನಗರಗಳ ನಕ್ಷೆ ಬರೆಸಿ, ಸಾಲಕ್ಕೆ ಅಪಾಯಕರವೆನಿಸಿದ ಭಾಗಗಳಿಗೆ ಕೆಂಪು ಬಳಿದಿತ್ತು. ವಿಮಾ ಕಂಪನಿಗಳೂ ಅದೇ ಜಾಡಿನಲ್ಲಿ ನಡೆದು, ಮನೆಯನ್ನು ನೋಡದೆಯೇ ಕೇರಿಯನ್ನು ಕೈಬಿಟ್ಟವು. 1965ರಲ್ಲಿ ಲಾಸ್ ಏಂಜಲೀಸ್‌ನ ವಾಟ್ಸ್‌ನಲ್ಲಿ, 1967ರಲ್ಲಿ ನ್ಯೂಆರ್ಕ್ ಮತ್ತು ಡೆಟ್ರಾಯಿಟ್‌ನಲ್ಲಿ ಗಲಭೆಗಳಾದ ಮೇಲೆ ಉಳಿದಿದ್ದ ಪಾಲಿಸಿಗಳೂ ರದ್ದಾಗತೊಡಗಿದವು. ಅಧ್ಯಕ್ಷ ಲಿಂಡನ್ ಜಾನ್ಸನ್, ನ್ಯೂಜೆರ್ಸಿಯ ಗವರ್ನರ್ ರಿಚರ್ಡ್ ಹ್ಯೂಸ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ವಿಮೆಯಿಲ್ಲದ ಕೇರಿಗೆ ಸಾಲ ಬರುವುದಿಲ್ಲ, ಸಾಲವಿಲ್ಲದ ಕೇರಿಯಲ್ಲಿ ಮನೆ ರಿಪೇರಿಯಾಗುವುದಿಲ್ಲ, ರಿಪೇರಿಯಾಗದ ಮನೆಗೆ ವಿಮೆ ಸಿಗುವುದಿಲ್ಲ: 1968ರ ಜನವರಿಯಲ್ಲಿ ಬಂದ ವರದಿ ಕಂಡುಕೊಂಡದ್ದು ಈ ವಿಷಚಕ್ರವನ್ನು.

ಅದೇ ವರ್ಷದ ಕಾನೂನಿನಿಂದ ಹುಟ್ಟಿದ್ದು ಫೇರ್ ಪ್ಲಾನ್. ಆಯಾ ರಾಜ್ಯದ ವಿಮಾ ಕಂಪನಿಗಳೆಲ್ಲ ಸೇರಿ ನಡೆಸುವ ಈ ವ್ಯವಸ್ಥೆಯ ತಿರುಳು, ಮನೆಯನ್ನು ನೋಡದೆ ಇಲ್ಲವೆನ್ನುವಂತಿಲ್ಲ ಎಂಬ ನಿಯಮ. ಸೂರು ಸೋರುತ್ತಿದೆ, ವೈರಿಂಗ್ ಹಳತಾಗಿದೆ ಎಂದು ಕಂಡರೆ ಏನನ್ನು ಸರಿಪಡಿಸಿದರೆ ಪಾಲಿಸಿ ಸಿಗುತ್ತದೆ ಎಂದು ಮಾಲೀಕರಿಗೆ ತಿಳಿಸಬೇಕು. ನೆರೆಹೊರೆ ಸರಿಯಿಲ್ಲ ಎಂಬುದು ಕಾರಣವಾಗುವಂತಿಲ್ಲ. ಇಷ್ಟು ನ್ಯಾಯವಾದ ನಿಯಮವೂ ಪೂರ್ತಿ ಪರಿಹಾರವಾಗಲಿಲ್ಲ: ಫೇರ್ ಪ್ಲಾನ್ ಪಾಲಿಸಿಗೆ ಪ್ರೀಮಿಯಂ ಹೆಚ್ಚು, ರಕ್ಷಣೆ ಕಡಿಮೆ. ಸಾಮಾನ್ಯ ಪಾಲಿಸಿಗೆ ಯೋಗ್ಯವಾದ ಮನೆಗಳನ್ನೂ ಕಂಪನಿಗಳು ಅತ್ತ ತಳ್ಳಿದ್ದುಂಟು.

ಇಂತಿಷ್ಟು ವರ್ಷಕ್ಕಿಂತ ಹಳೆಯ, ಇಂತಿಷ್ಟು ಡಾಲರಿಗಿಂತ ಕಡಿಮೆ ಬೆಲೆಯ ಮನೆಗೆ ಒಳ್ಳೆಯ ಪಾಲಿಸಿ ಇಲ್ಲ ಎಂಬ ಒಳನಿಯಮಗಳು ಮುಂದುವರಿದವು. ಮೇಲ್ನೋಟಕ್ಕೆ ಇದರಲ್ಲಿ ಬಣ್ಣದ ಮಾತಿಲ್ಲ. ಆದರೆ ಹಳೆಯ, ಅಗ್ಗದ ಮನೆಗಳಿದ್ದದ್ದು ಯಾವ ಕೇರಿಗಳಲ್ಲಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಮಿಲ್ವಾಕಿಯ ಪ್ರಕರಣವೊಂದರಲ್ಲಿ ಕಪ್ಪು ಜನರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿ ವಿಮಾ ಕಂಪನಿಯೊಂದರ ವಿರುದ್ಧ ಕೋರ್ಟಿಗೆ ಹೋಯಿತು. ಮನೆವಿಮೆಯಲ್ಲಿನ ತಾರತಮ್ಯಕ್ಕೂ 1968ರ ವಸತಿ ನ್ಯಾಯದ ಕಾಯ್ದೆ ಅನ್ವಯಿಸುತ್ತದೆ ಎಂದು 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. 1995ರ ರಾಜಿಯಲ್ಲಿ ಕಂಪನಿ 1.45 ಕೋಟಿ ಡಾಲರ್ ತೆತ್ತು, ವಯಸ್ಸು ಮತ್ತು ಬೆಲೆಯ ಮಿತಿಗಳನ್ನು ಕೈಬಿಟ್ಟಿತು.

ಹಳೆಯ ಮನೆಯಲ್ಲಿ ಲೆಕ್ಕದ ತೊಡಕೊಂದು ನಿಜಕ್ಕೂ ಇದೆ. ತೆಳು ಮರದ ಪಟ್ಟಿಗಳ ಮೇಲೆ ಕೈಯಿಂದ ಗಾರೆ ಮೆತ್ತಿದ ಗೋಡೆ, ಕೆತ್ತನೆಯ ಬಾಗಿಲು ಸುಟ್ಟರೆ ಮತ್ತೆ ಹಾಗೆಯೇ ಮಾಡಿಸಲು ಮನೆಯ ಮಾರುಕಟ್ಟೆ ಬೆಲೆಗಿಂತ ಹೆಚ್ಚು ಹಣ ಬೇಕಾಗುತ್ತದೆ. ಇಂಥ ಮನೆಗಳಿಗೆಂದೇ ಎಚ್‌ಒ-8 ಎಂಬ ಬೇರೆ ನಮೂನೆಯ ಪಾಲಿಸಿ ರೂಪುಗೊಂಡಿದೆ. ಅದರಲ್ಲಿ ಗಾರೆಗೋಡೆ ಹೋದರೆ ಇಂದು ಸಾಮಾನ್ಯವಾಗಿ ಬಳಸುವ ಜಿಪ್ಸಮ್ ಹಲಗೆಯ ಗೋಡೆಗೆ ತಗಲುವಷ್ಟು ಹಣ ಸಿಗುತ್ತದೆ. ಫ್ಲಾರಿಡಾದಂಥ ಬಿರುಗಾಳಿಯ ರಾಜ್ಯದಲ್ಲಿ ಸೂರು, ವೈರಿಂಗ್, ನೀರಿನ ಕೊಳವೆ, ತಾಪಮಾನ ನಿಯಂತ್ರಣದ ಯಂತ್ರ ಈ ನಾಲ್ಕರ ತಪಾಸಣಾ ವರದಿಯನ್ನು ಹಳೆಯ ಮನೆ ಕೊಳ್ಳುವವರಿಂದ ಕಂಪನಿಗಳು ಕೇಳುತ್ತವೆ. ಬಣ್ಣ ಸುಲಿದದ್ದು, ನೆಲದ ಹಲಗೆ ಕಿರುಗುಟ್ಟುವುದು ಆ ವರದಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸೂರಿಗೆ ಇನ್ನೆಷ್ಟು ವರ್ಷದ ಆಯುಷ್ಯವಿದೆ ಎಂಬುದು ಬರುತ್ತದೆ.